ಮೊದಲು ಕಿವಿ, ಆಮೇಲೆ ಮೈಕು: ಪ್ರೌಢಶಾಲೆಯಲ್ಲಿ ಹ್ಯಾಮ್ ಕ್ಲಬ್ ಕಟ್ಟುವ ಕೆಲಸ

ಶಾಲೆಯಲ್ಲಿ ಹ್ಯಾಮ್ ರೇಡಿಯೋ (ಪರವಾನಗಿ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೋ ಸಂಪರ್ಕ) ಕ್ಲಬ್ ಶುರು ಮಾಡುತ್ತೇವೆ ಎಂದರೆ ಆಡಳಿತ ಮಂಡಳಿಯವರಾಗಲಿ ಪೋಷಕರಾಗಲಿ ಮೊದಲು ಕೇಳುವುದು, ಸೆಟ್ಟಿಗೆ ಎಷ್ಟಾಗುತ್ತದೆ ಎಂದು. ಕೆಲಸ ಮಾಡಿ ನೋಡಿದ ಮೇಲೆ ನಾವು ಹೇಳುವುದಿಷ್ಟು: ಸೆಟ್ಟಿನ ಮಾತು ಕೊನೆಗೆ ಬರಲಿ. ಮೊದಲ ವರ್ಷ ಪ್ರಸಾರದ ಗೊಡವೆ ಬೇಡ, ಬರೀ ಕೇಳುವ ಕ್ಲಬ್ಬಾಗಿ ನಡೆಸಿ. ಟ್ರಾನ್ಸೀವರಿನಿಂದ, ಅಂದರೆ ಕೇಳಲೂ ಪ್ರಸಾರ ಮಾಡಲೂ ಬರುವ ಸೆಟ್ಟಿನಿಂದ, ಶುರುವಾದ ಕ್ಲಬ್ಬು ಅದನ್ನು ಬಲ್ಲ ಮೇಷ್ಟ್ರಿಗೆ ವರ್ಗವಾದ ಕೂಡಲೇ ಬೀರು ಸೇರುತ್ತದೆ. ಆಂಟೆನಾ ಕಟ್ಟುವುದು, ಲಾಗ್ ಬರೆಯುವುದು, ಗದ್ದಲದೊಳಗಿನ ಸಿಗ್ನಲ್ ಹೆಕ್ಕುವುದು ಇವುಗಳಿಂದ ಶುರುವಾದದ್ದು ಒಂದು ಬ್ಯಾಚು ಎಸ್‌ಎಸ್‌ಎಲ್‌ಸಿ ಮುಗಿಸಿ ಹೋದರೂ ಉಳಿಯುತ್ತದೆ.

ಕೇಳಿಕೊಂಡೇ ಒಂದು ಶಾಲೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಕೆಟರಿಂಗ್ ಗ್ರಾಮರ್ ಸ್ಕೂಲಿಗಿಂತ ದೊಡ್ಡ ಉದಾಹರಣೆ ನಮಗೆ ಗೊತ್ತಿಲ್ಲ. ಅಲ್ಲಿನ ಭೌತಶಾಸ್ತ್ರದ ಮೇಷ್ಟ್ರು ಜೆಫ್ರಿ ಪೆರಿ. ರಸಾಯನಶಾಸ್ತ್ರ ಕಲಿಸುತ್ತಿದ್ದ ಡೆರೆಕ್ ಸ್ಲೇಟರ್ ಹ್ಯಾಮ್ ಆಗಿದ್ದರು. 1960ರಲ್ಲಿ ಸ್ಲೇಟರ್ ಅವರ ರಿಸೀವರಿನಲ್ಲಿ ಸ್ಪುಟ್ನಿಕ್ 4ರ ಸಿಗ್ನಲ್ ಹಿಡಿದರು. ಡಾಪ್ಲರ್ ಪರಿಣಾಮವನ್ನು (ಹತ್ತಿರ ಬರುವಾಗ ಏರಿ, ದೂರ ಹೋಗುವಾಗ ಇಳಿಯುವ ಕಂಪನಾಂಕ) ತರಗತಿಯಲ್ಲಿ ಕಿವಿಗೆ ಕೇಳಿಸಬೇಕು ಎಂಬುದು ಪೆರಿಯವರ ಆಸೆ. ಅದರಿಂದ ಶುರುವಾಗಿ, ಹುಡುಗರು ಸೋವಿಯತ್ ಉಪಗ್ರಹಗಳು ಯಾವಾಗ ಕೇಳಿಸಿದವು, ಯಾವಾಗ ಮುಳುಗಿದವು ಎಂದು ದಿನವೂ ಬರೆದಿಟ್ಟರು. 1966ರ ಮಾರ್ಚ್ 17ರಂದು ಹಾರಿದ ಕಾಸ್ಮೋಸ್ 112ರ ಕಕ್ಷೆಯ ವಾಲಿಕೆ, ಅಂದರೆ ಸಮಭಾಜಕಕ್ಕೆ ಅದು ಬಾಗಿದ ಕೋನ, 72 ಡಿಗ್ರಿ. ಅದು ಹಿಂದಿನ ಉಡಾವಣೆಗಳಿಗೆ ಹೊಂದಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಕಾಸ್ಮೋಸ್ 129 ಬೇರೆ ವಾಲಿಕೆಯಲ್ಲಿ ಹೋಯಿತು. ಎರಡರ ನೆಲದಾರಿಗಳನ್ನು ಭೂಪಟದ ಮೇಲೆ ಹಿಂದಕ್ಕೆ ಎಳೆದು ನೋಡಿದರೆ ಅವು ಕೂಡಿದ್ದು ಉತ್ತರ ರಷ್ಯಾದ ಪ್ಲೆಸೆಟ್ಸ್ಕ್ ಹತ್ತಿರ. ಸೋವಿಯತ್ ಒಕ್ಕೂಟ ಗುಟ್ಟಾಗಿಟ್ಟಿದ್ದ ಉಡಾವಣಾ ನೆಲೆಯನ್ನು ಒಂದು ಶಾಲೆ ಲೋಕಕ್ಕೆ ಹೇಳಿದ್ದು ಹೀಗೆ. ಬಳಸಿದ್ದು ರಿಸೀವರು, ಗಡಿಯಾರ, ತಪ್ಪದೆ ಬರೆದ ಪುಸ್ತಕ. ಹೊಸದಾಗಿ ಸೇರುವ ಮಕ್ಕಳಿಗೆ ನಾವು ಮೊದಲು ಹೇಳುವುದೇ ಇದನ್ನು.

ಕೇಳುವುದರಿಂದ ಶುರು ಮಾಡಲು ಕಾನೂನಿನ ಕಾರಣವೂ ಇದೆ. ನಮ್ಮ ದೇಶದಲ್ಲಿ ಪ್ರಸಾರ ಮಾಡುವುದಕ್ಕೆ ಮಾತ್ರವಲ್ಲ, ಪ್ರಸಾರ ಮಾಡಬಲ್ಲ ಸೆಟ್ ಇಟ್ಟುಕೊಳ್ಳುವುದಕ್ಕೂ ಪರವಾನಗಿ ಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಕೈಸೆಟ್ಟುಗಳನ್ನು ‘ಪ್ರಯೋಗಕ್ಕೆ’ ಎಂದು ಶಾಲೆಗೆ ತರಿಸುವುದು ತಪ್ಪು. ಮಕ್ಕಳ ಕೈಗೆ ಅಂಥದ್ದು ಬಂದರೆ ಗುಂಡಿ ಒತ್ತದೆ ಇರುವುದೂ ಇಲ್ಲ.

ರಿಸೀವರಿಗೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಸಾಕು, ಅದು ಯುಎಸ್‌ಬಿಗೆ ಸಿಕ್ಕಿಸಿದರೆ ಕಂಪ್ಯೂಟರನ್ನೇ ರಿಸೀವರ್ ಮಾಡುವ ಪುಟ್ಟ ಸಾಧನ. ಕಂಪ್ಯೂಟರ್ ಲ್ಯಾಬಿನ ಹಳೆಯ ಲ್ಯಾಪ್‌ಟಾಪಿನಲ್ಲೂ ಅದು ನಡೆಯುತ್ತದೆ. ಸಾಮಾನ್ಯ ಡಾಂಗಲ್ ಸುಮಾರು 24 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಕೇಳುತ್ತದೆ. 7 ಮೆಗಾಹರ್ಟ್ಸ್ ಬೇಕಾದರೆ ಡೈರೆಕ್ಟ್ ಸ್ಯಾಂಪ್ಲಿಂಗ್ ಇರುವ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಿ, ಇಲ್ಲವೇ ಕೆಳಗಿನ ಕಂಪನಾಂಕವನ್ನು ಡಾಂಗಲಿಗೆ ಕೇಳುವಷ್ಟು ಮೇಲಕ್ಕೇರಿಸುವ ಅಪ್‌ಕನ್ವರ್ಟರ್ ಸೇರಿಸಿ. ಪರದೆಯ ಮೇಲೆ ಇಡೀ ಬ್ಯಾಂಡು ಕಾಣುವುದರಿಂದ ಹತ್ತು ಮಕ್ಕಳು ಒಟ್ಟಿಗೆ ನೋಡಬಹುದು. ಹೆಡ್‌ಫೋನಿನ ಕಾಲದಲ್ಲಿ ಈ ಅನುಕೂಲ ಇರಲಿಲ್ಲ.

ನಿಜವಾದ ಕೆಲಸ ಇರುವುದು ಆಂಟೆನಾದಲ್ಲಿ. ನಮ್ಮ ಆಯ್ಕೆ 40 ಮೀಟರ್ ಬ್ಯಾಂಡಿನ ಡೈಪೋಲ್, ಅಂದರೆ ನಡುವಿನಿಂದ ಎರಡು ಕಡೆಗೆ ಸಮ ಉದ್ದದ ತಂತಿಯ ತೋಳುಗಳಿರುವ ಆಂಟೆನಾ. ಭಾರತದಲ್ಲಿ ಈ ಬ್ಯಾಂಡು 7.0ರಿಂದ 7.2 ಮೆಗಾಹರ್ಟ್ಸ್. ನಡುವೆ 7.1 ಎಂದಿಟ್ಟುಕೊಂಡು ಡೈಪೋಲಿನ ಉದ್ದಕ್ಕೆ ಬಳಸುವ ಅಂಕಿ 143ನ್ನು ಅದರಿಂದ ಭಾಗಿಸಿದರೆ ಒಟ್ಟು ಉದ್ದ 20.14 ಮೀಟರ್, ಒಂದೊಂದು ತೋಳಿಗೆ 10.07 ಮೀಟರ್ ಬರುತ್ತದೆ. ಪುಸ್ತಕದ ಈ ಲೆಕ್ಕ ಬರಿಯ ತಂತಿಗೆ ಹೊಂದುತ್ತದೆ. ಶಾಲೆಗೆ ಸುಲಭವಾಗಿ ಸಿಗುವುದು ಮನೆ ವೈರಿಂಗಿನ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ. ಅದರ ಮೇಲಿನ ಪಿವಿಸಿ ಹೊದಿಕೆ ಅಲೆಯನ್ನು ನಿಧಾನಿಸುವುದರಿಂದ ಬೇಕಾದ ಉದ್ದ ನೂರಕ್ಕೆ ಮೂರು, ನಾಲ್ಕರಷ್ಟು ಕಡಿಮೆಯಾಗುತ್ತದೆ. ಆದರೂ ಕತ್ತರಿಸುವಾಗ ತೋಳಿಗೆ 10.4 ಮೀಟರಿನಂತೆಯೇ ಕತ್ತರಿಸಿ. ಉದ್ದವಿದ್ದರೆ ಕಡಿಮೆ ಮಾಡಬಹುದು, ಕಡಿಮೆಯಾದರೆ ಬೆಸುಗೆ ಹಾಕಿ ಸೇರಿಸಬೇಕು, ಆ ಜಾಯಿಂಟು ಮಳೆಗಾಲದಲ್ಲಿ ಕೈಕೊಡುತ್ತದೆ.

ನಡುವಿನ ತುಂಡಿಗೆ ದಪ್ಪ ಪಿವಿಸಿ ಪೈಪು ಸಾಕು. ತಂತಿಯ ಎಳೆತ ಪೈಪಿನ ತೂತುಗಳ ಮೇಲೆ ಬೀಳಬೇಕೇ ಹೊರತು ಬೆಸುಗೆಯ ಮೇಲೆ ಬೀಳಬಾರದು, ಹಾಗಾಗಿ ತಂತಿಯನ್ನು ತೂತಿನಲ್ಲಿ ಎರಡು ಸುತ್ತು ಹಾಯಿಸಿ ಗಂಟು ಹಾಕಿದ ಮೇಲೆ ಬೆಸೆಯಿರಿ. ಕೆಳಗಿಳಿಯುವ ಆರ್‌ಜಿ-58 ಕೋಆಕ್ಸನ್ನು (ನಡುವಿನ ತಂತಿಯ ಸುತ್ತ ತಾಮ್ರದ ಹೆಣಿಗೆ ಇರುವ ಕೇಬಲನ್ನು) ಡೈಪೋಲಿನ ಬುಡದಲ್ಲೇ ಸುಮಾರು 20 ಸೆಂಟಿಮೀಟರ್ ಅಗಲದ 10 ಸುತ್ತು ಸುತ್ತಿ ಟೇಪು ಕಟ್ಟಿ. ಇದಕ್ಕೆ ಆರೂವರೆ ಮೀಟರಿನಷ್ಟು ಕೇಬಲ್ ಹಿಡಿಯುತ್ತದೆ. ಈ ಸುರುಳಿಗೆ ಚೋಕ್ ಎನ್ನುತ್ತಾರೆ; ಅದು ಇಲ್ಲದಿದ್ದರೆ ಕೋಆಕ್ಸಿನ ಹೊರಮೈಯೇ ಆಂಟೆನಾ ಆಗಿ ಕಟ್ಟಡದೊಳಗಿನ ಗದ್ದಲವನ್ನೆಲ್ಲ ಎಳೆದು ತರುತ್ತದೆ. ಕೇಳುವ ಕ್ಲಬ್ಬಿಗೆ ಚೋಕ್ ಯಾಕೆ ಎನ್ನುವವರು ಒಮ್ಮೆ ಹಾಕಿ, ಒಮ್ಮೆ ತೆಗೆದು ಕೇಳಿ ನೋಡಬೇಕು.

ಎರಡಂತಸ್ತಿನ ಕಟ್ಟಡದ ತಾರಸಿಯ ಮೇಲೆ ಕಂಬ ನಿಲ್ಲಿಸಿ, ನಡುವನ್ನು 9, 10 ಮೀಟರ್ ಎತ್ತರಕ್ಕೆ ಏರಿಸಿ, ತೋಳುಗಳನ್ನು ಎರಡೂ ಕಡೆ ಇಳಿಬಿಟ್ಟರೆ ತಲೆಕೆಳಗಾದ ‘ವಿ’ ಆಗುತ್ತದೆ. ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗದಿರಲಿ. ತುದಿಗಳು ಮಕ್ಕಳ ಕೈಗೆ ಎಟುಕಬಾರದು, ಯಾಕೆಂದರೆ ಮುಂದೆ ಪ್ರಸಾರ ಶುರುವಾದಾಗ ಹೆಚ್ಚಿನ ವೋಲ್ಟೇಜು ಇರುವುದು ಆ ತುದಿಗಳಲ್ಲೇ. ವಿದ್ಯುತ್ ತಂತಿ ಹಾದುಹೋಗುವ ಬದಿಗಂತೂ ಹೋಗಲೇಬೇಡಿ. ಹಗ್ಗ ಹರಿದರೆ ಆಂಟೆನಾ ಎಲ್ಲಿ ಬೀಳುತ್ತದೆ ಎಂದು ಮೊದಲೇ ನೆಲದ ಮೇಲೆ ಅಳೆದು ನೋಡಿ.

ಹೊಂದಿಸುವುದಕ್ಕೆ ನ್ಯಾನೋವಿಎನ್‌ಎ ಎಂಬ ಪುಟ್ಟ ಉಪಕರಣ ಕೊಳ್ಳಿ ಅಥವಾ ಹತ್ತಿರದ ಹ್ಯಾಮ್ ಒಬ್ಬರಿಂದ ಕೇಳಿ ತನ್ನಿ. ಆಂಟೆನಾ ಕೇಬಲಿಗೆ ಎಷ್ಟು ಹೊಂದಿದೆ ಎಂದು ಹೇಳುವ ಅಂಕಿ ಎಸ್‌ಡಬ್ಲ್ಯೂಆರ್. ಅದು ಎಲ್ಲಿ ತೀರ ಕೆಳಗಿಳಿಯುತ್ತದೋ ಅದೇ ಆಂಟೆನಾ ಒಲಿಯುವ ಕಂಪನಾಂಕ. 10.4 ಮೀಟರಿನ ತೋಳಿಗೆ ಅದು 6.60 ಮೆಗಾಹರ್ಟ್ಸ್ ಎಂದು ಬಂದರೆ ಗಾಬರಿ ಬೇಡ. 10.4ನ್ನು 6.60ರಿಂದ ಗುಣಿಸಿ 7.10ರಿಂದ ಭಾಗಿಸಿ: 9.67 ಮೀಟರ್. ಅಂದರೆ ಒಂದೊಂದು ತೋಳಿನಲ್ಲಿ 73 ಸೆಂಟಿಮೀಟರ್ ಹೆಚ್ಚಿದೆ. ಎಲ್ಲವನ್ನೂ ಒಂದೇ ಸಲ ಕತ್ತರಿಸದೆ 50 ಸೆಂಟಿಮೀಟರ್ ಕತ್ತರಿಸಿ, ಉಳಿದದ್ದನ್ನು ತಂತಿಯ ಮೇಲೇ ಹಿಂದಕ್ಕೆ ಮಡಚಿ ಬಿಗಿಯಾಗಿ ಸುತ್ತಿ, ಮತ್ತೆ ಏರಿಸಿ ಅಳೆಯಿರಿ. ಏಳನೇ ತರಗತಿಯ ಅನುಪಾತದ ಲೆಕ್ಕ ತಂತಿಯ ಮೇಲೆ ಸರಿಬರುವುದನ್ನು ಮಕ್ಕಳು ಕಣ್ಣಾರೆ ಕಾಣುವ ಈ ಗಳಿಗೆಗಾಗಿಯಾದರೂ ಸಿದ್ಧ ಆಂಟೆನಾ ಕೊಳ್ಳಬಾರದು ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ.

ಇಷ್ಟು ತಗ್ಗಿನ ಡೈಪೋಲ್ ಅಲೆಗಳನ್ನು ಹೆಚ್ಚಾಗಿ ನೆತ್ತಿಯ ಕಡೆಗೇ ಕಳಿಸುತ್ತದೆ. ಅವು ಅಯಾನುಗೋಳಕ್ಕೆ ತಾಗಿ ಸುತ್ತಲಿನ ಕೆಲವು ನೂರು ಕಿಲೋಮೀಟರಿನ ವ್ಯಾಪ್ತಿಗೆ ಇಳಿಯುತ್ತವೆ. ದೂರದ ದೇಶಗಳಿಗೆ ಇದು ಒಳ್ಳೆಯ ಆಂಟೆನಾ ಅಲ್ಲ, ಆದರೆ ಬೆಂಗಳೂರು, ಮಂಗಳೂರು, ಬೆಳಗಾವಿ, ಕಲಬುರಗಿಗಳನ್ನು ಬೆಳಗಿನ ಹೊತ್ತು ಕೇಳಿಸಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಹೊತ್ತು ಮಾತ್ರ ಮುಖ್ಯ. ಮಧ್ಯಾಹ್ನದ ಹೊತ್ತಿಗೆ ಅಯಾನುಗೋಳದ ಕೆಳಗಿನ ಡಿ ಪದರ ಅಲೆಗಳನ್ನು ಹೀರಿಕೊಂಡು ಸಿಗ್ನಲ್ ಸೊರಗುತ್ತದೆ. ರಾತ್ರಿಯಾದಂತೆ ಹತ್ತಿರದವರು ಮರೆಯಾಗಿ ದೂರದವರು ಕೇಳಿಸತೊಡಗುತ್ತಾರೆ. ಊಟದ ಬಿಡುವಿನಲ್ಲಿ ಕ್ಲಬ್ ನಡೆಸಿದರೆ ಮಕ್ಕಳಿಗೆ ಸಿಗುವುದು ಬರೀ ಗೊರಗೊರ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚಿನ ಒಂದು ಗಂಟೆಯನ್ನು ಕೇಳಿ ಪಡೆಯಿರಿ. ಹ್ಯಾಮ್‌ಗಳ ನೆಟ್‌ಗಳು (ಗೊತ್ತಾದ ಹೊತ್ತಿಗೆ ಒಂದೇ ಕಂಪನಾಂಕದಲ್ಲಿ ಸೇರುವ ಮಾತುಕತೆಗಳು) ನಡೆಯುವುದೂ ಹೆಚ್ಚಾಗಿ ಆ ಹೊತ್ತಿನಲ್ಲೇ.

ಆಂಟೆನಾ ಸರಿಯಿದ್ದೂ ಏನೂ ಕೇಳುವುದಿಲ್ಲ ಎಂದರೆ ಕಾರಣ ಬಹುತೇಕ ಕಟ್ಟಡದೊಳಗೇ ಇರುತ್ತದೆ: ಎಲ್‌ಇಡಿ ಬಲ್ಬು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರು, ಕಂಪ್ಯೂಟರ್ ಲ್ಯಾಬಿನ ಯುಪಿಎಸ್, ಸ್ಮಾರ್ಟ್‌ಬೋರ್ಡಿನ ಪವರ್ ಸಪ್ಲೈ. ಹುಡುಕುವ ದಾರಿ ಸುಲಭ. ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯಲ್ಲೇ ನಡೆಸುತ್ತ, ಮುಖ್ಯ ಬೋರ್ಡಿನ ಎಂಸಿಬಿಗಳನ್ನು ಒಂದೊಂದಾಗಿ ಆರಿಸುತ್ತ ಹೋಗಿ. ಪರದೆಯ ಮೇಲಿನ ಗದ್ದಲ ಯಾವುದಕ್ಕೆ ತಟ್ಟನೆ ಇಳಿಯಿತೋ ಆ ಸಾಲಿನಲ್ಲಿ ಕಳ್ಳನಿದ್ದಾನೆ. ಆ ಉಪಕರಣದ ವೈರಿಗೆ ಫೆರೈಟ್ ಉಂಗುರ ಹಾಕಿ ಏಳೆಂಟು ಸುತ್ತು ಸುತ್ತಿ, ಅಥವಾ ಕ್ಲಬ್ಬಿನ ಹೊತ್ತಿನಲ್ಲಿ ಅದನ್ನು ಆರಿಸಿಡಿ. ಲ್ಯಾಪ್‌ಟಾಪಿನ ಚಾರ್ಜರನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಿ.

ಕ್ಲಬ್ಬಿಗೆ ಮಕ್ಕಳನ್ನು ಕಟ್ಟಿಹಾಕುವುದು ಬಾಹ್ಯಾಕಾಶ ನಿಲ್ದಾಣ. ಅಲ್ಲಿಂದ ಹ್ಯಾಮ್ ಪ್ರಸಾರ ಬರುವುದು 145.800 ಮೆಗಾಹರ್ಟ್ಸ್‌ನಲ್ಲಿ, ಎಫ್‌ಎಂ ರೂಪದಲ್ಲಿ. ಇದಕ್ಕೆ ಬೇಕಾದ ಆಂಟೆನಾವನ್ನು ಒಂದು ಮಧ್ಯಾಹ್ನದಲ್ಲಿ ಮಾಡಬಹುದು: ಎಸ್‌ಒ-239 ಸಾಕೆಟಿನ ನಡುವಿನ ಪಿನ್ನಿಗೆ ನೆಟ್ಟಗೆ 49 ಸೆಂಟಿಮೀಟರ್ ಉದ್ದದ ಗಟ್ಟಿ ತಾಮ್ರದ ತಂತಿ, ನಾಲ್ಕು ಮೂಲೆಯ ತೂತುಗಳಿಗೆ 51 ಸೆಂಟಿಮೀಟರಿನ ನಾಲ್ಕು ತಂತಿಗಳನ್ನು ಬೋಲ್ಟ್ ಮಾಡಿ 45 ಡಿಗ್ರಿ ಕೆಳಕ್ಕೆ ಬಗ್ಗಿಸಬೇಕು. ಸಾಕೆಟ್, ಕೋಆಕ್ಸ್, ಪಿಎಲ್-259 ಕನೆಕ್ಟರು ಎಲ್ಲವೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ನಿಲ್ದಾಣ ಯಾವಾಗ ಬರುತ್ತದೆ ಎಂದು ಜಿಪ್ರೆಡಿಕ್ಟ್ ಎಂಬ ತಂತ್ರಾಂಶ ತೋರಿಸುತ್ತದೆ. ಅದರ ಕಕ್ಷೆಯ ಮಾಹಿತಿಯನ್ನು ವಾರಕ್ಕೊಮ್ಮೆಯಾದರೂ ಹೊಸದು ಮಾಡಿಕೊಳ್ಳದಿದ್ದರೆ, ನಿಲ್ದಾಣ ಹೋದ ಮೇಲೆ ಮಕ್ಕಳು ತಾರಸಿ ಹತ್ತುತ್ತಾರೆ. ಅತಿ ಒಳ್ಳೆಯ ಹಾಯುವಿಕೆಯೂ ಹತ್ತು ನಿಮಿಷದ್ದು.

ಮೊದಲೇ ಪ್ರಕಟಿಸಿದ ದಿನಗಳಲ್ಲಿ ನಿಲ್ದಾಣದಿಂದ ಎಸ್‌ಎಸ್‌ಟಿವಿ ಚಿತ್ರಗಳು, ಅಂದರೆ ಸದ್ದಿನ ರೂಪದಲ್ಲಿ ಕಳಿಸಿದ ಸ್ಥಿರ ಚಿತ್ರಗಳು, ಬರುತ್ತವೆ. ಸಾಮಾನ್ಯವಾಗಿ ಪಿಡಿ120 ಎಂಬ ವಿಧಾನ. ಒಂದು ಚಿತ್ರಕ್ಕೆ ಎರಡು ನಿಮಿಷದ ಮೇಲೆ ಆರು ಸೆಕೆಂಡು. ಇಲ್ಲಿ ಆಗುವ ತಪ್ಪುಗಳು ಎಲ್ಲ ಶಾಲೆಗಳಲ್ಲೂ ಅವೇ. ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವ ಸ್ಕ್ವೆಲ್ಚ್ ಹಾಕಿಟ್ಟರೆ ಸಿಗ್ನಲ್ ಸ್ವಲ್ಪ ಇಳಿದಾಗ ಸದ್ದೇ ನಿಂತು ಚಿತ್ರ ಹರಿದುಹೋಗುತ್ತದೆ, ಆದ್ದರಿಂದ ಅದನ್ನು ಪೂರ್ತಿ ತೆರೆದಿಡಿ. ಸ್ಪೀಕರಿನ ಸದ್ದನ್ನು ಫೋನಿನ ಮೈಕಿಗೆ ಹಿಡಿದರೆ ಫೋನು ಅದನ್ನು ಗದ್ದಲವೆಂದೇ ತಿಳಿದು ಅಳಿಸಬಹುದು, ಸುತ್ತಲಿನ ಮಕ್ಕಳ ಕೇಕೆಯೂ ಚಿತ್ರದಲ್ಲಿ ಗೀರಾಗಿ ಬೀಳುತ್ತದೆ. ಸದ್ದನ್ನು ಕಂಪ್ಯೂಟರಿನೊಳಗೇ ರೆಕಾರ್ಡ್ ಮಾಡಿ ಆಮೇಲೆ ಬಿಡಿಸಿ. ಡಾಪ್ಲರಿನಿಂದ ಇಲ್ಲಿ ಆಗುವ ಕಂಪನಾಂಕದ ಸರಿತ ಮೂರೂವರೆ ಕಿಲೋಹರ್ಟ್ಸ್‌ನಷ್ಟು. ಎಫ್‌ಎಂ ರಿಸೀವರಿಗೆ ಅದು ದೊಡ್ಡದಲ್ಲ.

437 ಮೆಗಾಹರ್ಟ್ಸ್ ಸುತ್ತಮುತ್ತಲಿನ ಪುಟ್ಟ ಉಪಗ್ರಹಗಳ ಬೀಕನ್ನುಗಳಲ್ಲಿ (ಗುರುತಿನ ಸಿಗ್ನಲ್‌ಗಳಲ್ಲಿ) ಅದೇ ಸರಿತ ಹತ್ತು ಕಿಲೋಹರ್ಟ್ಸ್ ಆಚೆ, ಹತ್ತು ಈಚೆ. ಪರದೆಯ ಮೇಲೆ ಬಾಗಿದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಕೆಟರಿಂಗಿನ ಪಾಠವನ್ನು ನಮ್ಮ ತಾರಸಿಯಲ್ಲಿ ಮಾಡಬಹುದಾದದ್ದು ಇಲ್ಲಿಯೇ. ಪ್ರತಿ ಐದು ಸೆಕೆಂಡಿಗೆ ಕಂಪನಾಂಕ ಬರೆದು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಗೆರೆ ಅತಿ ಕಡಿದಾಗಿ ಇಳಿಯುವ ಗಳಿಗೆಯಲ್ಲಿ ಉಪಗ್ರಹ ನಮಗೆ ಅತಿ ಹತ್ತಿರ. ಕಂಪನಾಂಕವನ್ನು ವೇಗದ ವರ್ಗದಿಂದ ಗುಣಿಸಿ, ಬೆಳಕಿನ ವೇಗ ಮತ್ತು ಆ ಇಳಿಜಾರುಗಳ ಗುಣಲಬ್ಧದಿಂದ ಭಾಗಿಸಿದರೆ ದೂರ ಬರುತ್ತದೆ. ಇಳಿಜಾರು ಸೆಕೆಂಡಿಗೆ 120 ಹರ್ಟ್ಸ್, ವೇಗ ಸೆಕೆಂಡಿಗೆ 7.5 ಕಿಲೋಮೀಟರ್ ಇದ್ದರೆ ಸುಮಾರು 683 ಕಿಲೋಮೀಟರ್. ಡಾಂಗಲನ್ನು ಅರ್ಧ ಗಂಟೆ ಮುಂಚೆಯೇ ಚಾಲೂ ಮಾಡಿಡಿ. ಬಿಸಿಯಾಗುವ ತನಕ ಅದರ ಸ್ಫಟಿಕ ಸರಿಯುತ್ತಲೇ ಇರುತ್ತದೆ, ಗ್ರಾಫು ಸುಳ್ಳು ಹೇಳುತ್ತದೆ. ಸ್ಥಿರವಾದ ತಪ್ಪಿದ್ದರೆ ಇಳಿಜಾರಿಗೆ ತೊಂದರೆಯಿಲ್ಲ.

ಇಂಥ ಕೇಳುವಿಕೆಗೆ ಕರ್ನಾಟಕದಲ್ಲೇ ಬೇರುಗಳಿವೆ. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ಕಾರ್ಟೋಸ್ಯಾಟ್-1ರ ಜೊತೆಗೆ ಒಯ್ದ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್, ಇಸ್ರೋ ಹ್ಯಾಮ್‌ಗಳಿಗಾಗಿಯೇ ಮಾಡಿದ ಉಪಗ್ರಹ. ಅದರ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ (ಬಂದ ಸಿಗ್ನಲನ್ನು ಬೇರೆ ಕಂಪನಾಂಕದಲ್ಲಿ ಮರಳಿ ಕಳಿಸುವ ಸಾಧನಗಳಲ್ಲಿ) ಒಂದನ್ನು ಡಚ್ ವಿದ್ಯಾರ್ಥಿಯೊಬ್ಬ ಕಟ್ಟಿದ್ದ. 435 ಮೆಗಾಹರ್ಟ್ಸ್‌ನಲ್ಲಿ ಕಳಿಸಿದ್ದನ್ನು ಅದು 145ರಲ್ಲಿ ಹಿಂದಿರುಗಿಸುತ್ತಿತ್ತು. 2014ರ ಜುಲೈಯಲ್ಲಿ ಬ್ಯಾಟರಿ ಸೋತು ನಿಲ್ಲುವವರೆಗೂ ನೂರಾರು ಹ್ಯಾಮ್‌ಗಳಿಗೆ ಉಪಗ್ರಹದ ಮೊದಲ ಪಾಠ ಆದದ್ದು ಅದರಲ್ಲೇ. 2010ರ ಜುಲೈ 12ರಂದು ಬೆಂಗಳೂರು, ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಒಂದು ಕಿಲೋಗಿಂತ ಹಗುರಾದ ಸ್ಟಡ್‌ಸ್ಯಾಟ್ ಹಾರಿತು. ಅದರ ನೆಲದ ನಿಲ್ದಾಣ ಇದ್ದದ್ದು ಯಲಹಂಕದ ಕಾಲೇಜೊಂದರಲ್ಲಿ. 2025ರ ಜುಲೈ 4ರಂದು ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳೊಡನೆ ಮಾತಾಡಿದ್ದೂ ಹ್ಯಾಮ್ ರೇಡಿಯೋದಲ್ಲೇ.

ಇಷ್ಟು ಕೇಳಿದ ಮಕ್ಕಳು ತಾವೇ ಪರೀಕ್ಷೆಯ ಮಾತೆತ್ತುತ್ತಾರೆ. 12 ವರ್ಷ ತುಂಬಿದವರು ಹ್ಯಾಮ್ ಆಗಲು ಬೇಕಾದ ಎಎಸ್‌ಒಸಿ (ಅಮೆಚೂರ್ ಸ್ಟೇಷನ್ ಆಪರೇಟರ್ಸ್ ಸರ್ಟಿಫಿಕೇಟ್) ಪರೀಕ್ಷೆ ಬರೆಯಬಹುದು. ರೇಡಿಯೋ ಸಿದ್ಧಾಂತ ಒಂದು ಭಾಗ, ನಿಯಮಾವಳಿ ಇನ್ನೊಂದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ (ಚುಕ್ಕೆ, ಗೆರೆಗಳ ಸಂಕೇತಭಾಷೆ) ಇಲ್ಲ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಕಳಿಸಲೂ ಬರೆದುಕೊಳ್ಳಲೂ ಬರಬೇಕು. ಅರ್ಜಿ ಹಾಕುವುದು ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲಿನಲ್ಲಿ. ಮಕ್ಕಳು ಎಡವುವುದು ಸಾಮಾನ್ಯವಾಗಿ ಸಿದ್ಧಾಂತದಲ್ಲಲ್ಲ, ನಿಯಮಗಳ ಭಾಗದಲ್ಲಿ, ಯಾಕೆಂದರೆ ಅದನ್ನು ಯಾರೂ ಕಲಿಸುವುದಿಲ್ಲ. ಕ್ಯೂ ಸಂಕೇತಗಳು (ಕ್ಯೂನಿಂದ ಶುರುವಾಗುವ ಮೂರಕ್ಷರದ ಚುಟುಕು ಸಂಕೇತಗಳು), ಅಪಾಯದ ಕರೆಯ ಕ್ರಮ, ಯಾವ ಸಂದೇಶ ಕಳಿಸಬಾರದು, ಬ್ಯಾಂಡುಗಳ ಎಲ್ಲೆ ಇವನ್ನು ವಾರಕ್ಕೊಂದರಂತೆ ಆಡಿಸಿ ಕಲಿಸಿ. ಮೋರ್ಸ್ ಕಲಿಸುವಾಗ ಚುಕ್ಕೆ, ಗೆರೆಗಳ ಪಟ್ಟಿ ಕೊಡಬೇಡಿ. ಅಕ್ಷರವನ್ನು ನಿಮಿಷಕ್ಕೆ 15 ಪದದ ವೇಗದಲ್ಲೇ ಕೇಳಿಸಿ, ನಡುವಿನ ಬಿಡುವನ್ನು ಉದ್ದ ಮಾಡಿ. ಎಣಿಸಿ ಕಲಿತ ಕಿವಿ ಮುಂದೆ ವೇಗ ಹಿಡಿಯುವುದಿಲ್ಲ.

ಅರ್ಜಿ ಹಿಂದಿರುಗುವುದು ಬಹುಪಾಲು ಹೆಸರಿನ ಇನಿಷಿಯಲ್ ಕಾರಣಕ್ಕೆ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ ಅಥವಾ ಪೂರ್ತಿ ಹೆಸರು. ಅರ್ಜಿಗೂ ಮೊದಲೇ ಎರಡನ್ನೂ ಹೊಂದಿಸಿಕೊಳ್ಳಿ. ಪಾಸಾದ ಪ್ರಮಾಣಪತ್ರವೇ ಪರವಾನಗಿ ಅಲ್ಲ ಎಂಬುದನ್ನು ಪೋಷಕರಿಗೆ ಬಿಡಿಸಿ ಹೇಳಬೇಕು. ಪರವಾನಗಿಗೆ ಬೇರೆ ಅರ್ಜಿ. ಅದು ಬಂದಾಗ ಕರೆಸಂಕೇತವೂ ಬರುತ್ತದೆ, ಜನರಲ್ ದರ್ಜೆಗೆ ವಿಯು2, ರಿಸ್ಟ್ರಿಕ್ಟೆಡ್ ದರ್ಜೆಗೆ ವಿಯು3 ಎಂದು ಶುರುವಾಗುವಂಥದ್ದು. ಕ್ಲಬ್ಬಿನ ಹೆಸರಿನಲ್ಲಿ ಶಾಲೆಗೂ ಪರವಾನಗಿ ಪಡೆಯಬಹುದು, ಅದಕ್ಕೆ ಪರವಾನಗಿ ಇರುವ ಹೊಣೆಗಾರರೊಬ್ಬರು ಬೇಕು. ಇಬ್ಬರು ಮೇಷ್ಟ್ರುಗಳಾದರೂ ಪರೀಕ್ಷೆ ಪಾಸು ಮಾಡಿರಲಿ. ಒಬ್ಬರಿಗೆ ವರ್ಗವಾದರೆ ಇನ್ನೊಬ್ಬರು ಹೊಣೆ ಹೊರುತ್ತಾರೆ. ಪರವಾನಗಿ ಇಲ್ಲದ ಮಗುವಿನ ಕೈಗೆ, ಸಮಾರಂಭದ ಉತ್ಸಾಹದಲ್ಲೂ, ಮೈಕು ಕೊಡಬಾರದು.

ಸೆಟ್ಟು ಬರುವುದು ಈಗ. 100 ವಾಟಿನ ಸೆಟ್ಟು ಪ್ರಸಾರದ ವೇಳೆ 13.8 ವೋಲ್ಟಿನಲ್ಲಿ 20 ಆಂಪಿಯರಿನಷ್ಟು ಎಳೆಯುತ್ತದೆ. ಇಲ್ಲಿ ಸಣ್ಣ ವೈರು ಹಾಕುವುದೇ ದೊಡ್ಡ ತಪ್ಪು. ಎರಡು ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರ್ ವೈರು ಹಾಕಿದರೆ ಹೋಗಿಬರುವ ನಾಲ್ಕು ಮೀಟರಿನಲ್ಲಿ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ. 6 ಚದರ ಮಿಲಿಮೀಟರಿನದಾದರೆ ಕಾಲು ವೋಲ್ಟಿಗಿಂತ ಕಡಿಮೆ. ಬ್ಯಾಟರಿಯಲ್ಲಿ ನಡೆಸುವಾಗ ಗಟ್ಟಿಯಾಗಿ ಮಾತಾಡಿದೊಡನೆ ಸೆಟ್ಟು ಆರಿ ಹೊತ್ತಿಕೊಂಡರೆ ಸೆಟ್ಟನ್ನು ದೂರಬೇಡಿ, ವೈರನ್ನು ಮುಟ್ಟಿ ನೋಡಿ. ಫ್ಯೂಸು ಪ್ಲಸ್, ಮೈನಸ್ ಎರಡರಲ್ಲೂ ಇರಲಿ.

ಲಾಗ್ ಪುಸ್ತಕ ಹೊಲಿದು ಬೈಂಡ್ ಮಾಡಿದ್ದಾಗಿರಬೇಕು, ಬಿಡಿ ಹಾಳೆ ಬೇಡ. ದಿನಾಂಕ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಸಮಯ, ಕಂಪನಾಂಕ, ವಿಧಾನ, ಕರೆಸಂಕೇತ, ಕೊಟ್ಟ ವರದಿ, ಪಡೆದ ವರದಿ, ಕೊನೆಗೆ ಕೇಳಿದವರ ಸಹಿ. ಕೇಳಿದ್ದನ್ನೂ ಇದರಲ್ಲೇ ಬರೆಯಿಸಿ. ಯುಟಿಸಿ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ, ಆದ್ದರಿಂದ ಬೆಳಗಿನ 5:30ಕ್ಕೆ ಮುಂಚಿನದೆಲ್ಲ ಹಿಂದಿನ ದಿನಕ್ಕೆ ಸೇರುತ್ತದೆ. ಜನವರಿ 14ರ ಬೆಳಿಗ್ಗೆ 5:10 ಅಂದರೆ ಲಾಗಿನಲ್ಲಿ ಜನವರಿ 13, 23:40. ಸಮಯ ಕಳೆದು ದಿನಾಂಕ ಬದಲಿಸಲು ಮರೆತರೆ, ಸಂಪರ್ಕ ಆದದ್ದನ್ನು ಖಚಿತಪಡಿಸುವ ಕ್ಯೂಎಸ್‌ಎಲ್ ಕಾರ್ಡು ಆ ಕಡೆಯವರ ಲಾಗಿಗೆ ಹೊಂದುವುದಿಲ್ಲ. ಯುಟಿಸಿಗೆಂದೇ ಬೇರೆ ಗೋಡೆ ಗಡಿಯಾರ ತೂಗುಹಾಕಿ, ಪಕ್ಕದಲ್ಲಿ ಯುಟಿಸಿ ದಿನಾಂಕ ಬರೆಯಲು ಚಿಕ್ಕ ಹಲಗೆ ಇಡಿ.

ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಆಂಟೆನಾ ಇಳಿಸಿ ನೋಡಬೇಕು. ಕೋಆಕ್ಸಿನ ತುದಿಗೆ ಸ್ವಯಂ ಅಂಟುವ ರಬ್ಬರ್ ಟೇಪು ಹೊಸದಾಗಿ ಸುತ್ತಿ. ಕಿಟಕಿಯಿಂದ ಒಳಬರುವ ಮುಂಚೆ ಕೇಬಲನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಮೇಲೆ ತನ್ನಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಎಸ್‌ಡಬ್ಲ್ಯೂಆರ್ ಬೇಸಿಗೆಯಲ್ಲಿ ಸರಿಯಿದ್ದು ಮಳೆಯಲ್ಲಿ ಅಲೆದಾಡಿದರೆ ಕೇಬಲಿನೊಳಗೆ ನೀರು ಹೊಕ್ಕಿದೆ. ಒಂದು ಅಡಿ ಸುಲಿದು ನೋಡಿ, ಹೆಣಿಗೆ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ. ಗುಡುಗಿನ ಕಾಲದಲ್ಲಿ ಕ್ಲಬ್ ಮುಗಿಯುತ್ತಲೇ ಕೇಬಲನ್ನು ಬಿಚ್ಚಿ ಕಟ್ಟಡದ ಹೊರಗೇ ಅರ್ಥ್ ಸರಳಿಗೆ ಸೇರಿಸಿಡಿ. ಒಂಬತ್ತನೆಯ ತರಗತಿಯವರು ಈ ಇಳಿಸುವ, ಏರಿಸುವ ಕೆಲಸವನ್ನು ಹತ್ತನೆಯವರ ಜೊತೆ ನಿಂತು ಒಮ್ಮೆ ಮಾಡಿರಬೇಕು. ತೋಳಿನ ಕೊನೆಯ ಅಳತೆ, ಆ ದಿನದ ಎಸ್‌ಡಬ್ಲ್ಯೂಆರ್, ಯಾವ ಎಂಸಿಬಿ ಆರಿಸಿದರೆ ಗದ್ದಲ ಇಳಿಯುತ್ತದೆ ಎಂಬುದನ್ನು ಲಾಗಿನ ಕೊನೆಯ ಪುಟದಲ್ಲಿ ಅವರೇ ಬರೆಯಲಿ.